ಮೂರು ಸಲ ಬರೆದ ಎಸ್‌ಎಟಿ: ಯಾವ ಕಾಲೇಜಿಗೆ ಯಾವ ಅಂಕ ಕಳಿಸೋದು?

ಎಡಿಸನ್ ಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಮಗ ಹನ್ನೆರಡನೇ ಕ್ಲಾಸು. ಒಂದು ವಾರದಿಂದ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ. ಊಟಕ್ಕೆ ಕೂತರೂ ಅದೇ, ಕಾರಿನಲ್ಲೂ ಅದೇ. ನಿಮ್ಮಲ್ಲಿ ಯಾರಾದರೂ ಈ ದಾರಿಯಲ್ಲಿ ಹೋಗಿ ಬಂದಿದ್ದರೆ ದಯವಿಟ್ಟು ಹೇಳಿ.

ಅವನು ಎಸ್‌ಎಟಿ, ಅಂದರೆ ಇಲ್ಲಿನ ಕಾಲೇಜು ಪ್ರವೇಶದ ಪರೀಕ್ಷೆ, ಮೂರು ಸಲ ಬರೆದಿದ್ದಾನೆ. ಇಂಗ್ಲಿಷ್‌ಗೆ 800, ಗಣಿತಕ್ಕೆ 800, ಒಟ್ಟು 1600ಕ್ಕೆ.

ಮಾರ್ಚ್: ಇಂಗ್ಲಿಷ್ 710, ಗಣಿತ 760. ಒಟ್ಟು 1470.
ಆಗಸ್ಟ್: ಇಂಗ್ಲಿಷ್ 670, ಗಣಿತ 800. ಒಟ್ಟು 1470.
ಅಕ್ಟೋಬರ್: ಇಂಗ್ಲಿಷ್ 740, ಗಣಿತ 760. ಒಟ್ಟು 1500.

ಆಗಸ್ಟ್ ಕಥೆ ಬೇರೆ. ಮೈಸೂರಿಂದ ವಾಪಸ್ ಬಂದು ನಾಲ್ಕೇ ದಿನ ಆಗಿತ್ತು. ಇಂಗ್ಲಿಷ್ ಬರೆಯುವಾಗ ತೂಕಡಿಕೆ ಬಂತಂತೆ. ನಡುವಿನ ಹತ್ತು ನಿಮಿಷದ ಬಿಡುವಿನಲ್ಲಿ ಮುಖ ತೊಳೆದು ಬಂದು ಗಣಿತ ಬರೆದ. ಅದರಲ್ಲಿ 800!

ಪಟ್ಟಿಯಲ್ಲಿರುವುದು ಜಾರ್ಜ್‌ಟೌನ್, ಯೇಲ್, ಕೊಲಂಬಿಯಾ, ಜಾರ್ಜಿಯಾ ಟೆಕ್, ಯುಸಿ ಬರ್ಕ್ಲಿ, ರಟ್ಗರ್ಸ್. ನಮ್ಮವರು ಹೇಳುವುದು ಅಕ್ಟೋಬರ್‌ದು ಒಂದೇ ಸಾಕು ಅಂತ. ಮಗನಿಗೆ ಆಗಸ್ಟ್‌ದು ಯಾರ ಕಣ್ಣಿಗೂ ಬೀಳಬಾರದು, 670 ನೋಡಿದರೆ ನಗುತ್ತಾರೆ ಅಂತಾನೆ. ದುಡ್ಡು ಕೊಟ್ಟು ಕೇಳಿದ ಕೌನ್ಸೆಲರ್ ಒಬ್ಬರು "1550 ಇಲ್ಲದಿದ್ದರೆ ಎಲ್ಲೂ ಕಳಿಸಬೇಡಿ" ಅಂದರು. ಯಾರ ಮಾತು ಕೇಳಲಿ?

ಅಟ್ಲಾಂಟಾ ರಾಗಿಮುದ್ದೆ

ಅಕ್ಕ, ಮೊದಲು ಆಗಸ್ಟ್ ಬಗ್ಗೆ ಹೇಳಿಬಿಡುತ್ತೇನೆ. ಅದನ್ನು ಬಚ್ಚಿಟ್ಟರೆ 800ನ್ನೂ ಬಚ್ಚಿಟ್ಟ ಹಾಗೆ. ಹೋದ ವರ್ಷ ನನ್ನ ಮಗಳೂ ಇದೇ ಹಟ ಹಿಡಿದಿದ್ದಳು.

ನಿಮ್ಮ ಪಟ್ಟಿಯಲ್ಲಿ ಯೇಲ್, ಕೊಲಂಬಿಯಾ, ಜಾರ್ಜಿಯಾ ಟೆಕ್ ಮೂರೂ ಸೂಪರ್‌ಸ್ಕೋರ್ ಮಾಡುತ್ತವೆ. ಬೇರೆ ಬೇರೆ ದಿನ ಬರೆದದ್ದರಲ್ಲಿ ಇಂಗ್ಲಿಷ್ ಯಾವುದು ಜಾಸ್ತಿಯೋ ಅದು, ಗಣಿತ ಯಾವುದು ಜಾಸ್ತಿಯೋ ಅದು. ಎರಡನ್ನೂ ಕೂಡಿಸುತ್ತಾರೆ. ಅಂದರೆ ನಿಮ್ಮ ಹುಡುಗ 1500 ಅಲ್ಲ, 740 ಮತ್ತು 800 ಸೇರಿ 1540. ಅಕ್ಟೋಬರ್‌ದು ಒಂದೇ ಕಳಿಸಿದರೆ ಕೈಯಲ್ಲಿರುವ 40 ಅಂಕ ನೀವೇ ಬಿಟ್ಟುಕೊಟ್ಟಂತೆ.

ಇನ್ನೊಂದು ವಿಷಯ. ಎಸ್‌ಎಟಿ ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆಯ ಸ್ಕೋರ್ ಚಾಯ್ಸ್‌ನಲ್ಲಿ ಯಾವ ದಿನದ್ದು ಕಳಿಸಬೇಕು ಅಂತ ಮಾತ್ರ ಆರಿಸಬಹುದು. ಆಗಸ್ಟ್‌ನ ಗಣಿತ ಕಳಿಸಿ ಇಂಗ್ಲಿಷ್ ಬಿಡುವುದು ಆಗಲ್ಲ. ದಿನ ಅಂದರೆ ಪೂರ್ತಿ ದಿನ.

ಗಿರಿನಗರ ಸೆಕೆಂಡ್ ಪಿಯು

ಸರ್, ಈ ಸೂಪರ್‌ಸ್ಕೋರ್ ನಮ್ಮ ಜೆಇಇ ಮೇನ್ ಥರಾನಾ? ಅದರಲ್ಲೂ ಎರಡು ಸೆಷನ್‌ನಲ್ಲಿ ಬೆಸ್ಟ್ ತಗೋತಾರೆ.

ಅಟ್ಲಾಂಟಾ ರಾಗಿಮುದ್ದೆ

ಹತ್ತಿರ ಹತ್ತಿರ, ತಮ್ಮ. ಜೆಇಇಯಲ್ಲಿ ಎರಡು ಸೆಷನ್‌ನ ಒಟ್ಟು ಸ್ಕೋರ್ ನೋಡಿ ಒಳ್ಳೆಯದನ್ನು ಇಡುತ್ತಾರೆ. ಜನವರಿಯ ಫಿಸಿಕ್ಸ್, ಏಪ್ರಿಲ್‌ನ ಮ್ಯಾಥ್ಸ್ ಅಂತ ಹೆಕ್ಕಿ ಸೇರಿಸಲ್ಲ. ಇಲ್ಲಿ ಹೆಕ್ಕುತ್ತಾರೆ. ಎಲ್ಲಾ ಕಾಲೇಜೂ ಅಲ್ಲ, ಆದರೆ ಬಹಳ ಕಾಲೇಜುಗಳು.

ಕೂಪರ್ಟಿನೋ ಚಕ್ಕುಲಿ

ಬರ್ಕ್ಲಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಯುಸಿಯ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಯಾವ ಕ್ಯಾಂಪಸ್ಸೂ ಅಡ್ಮಿಷನ್‌ಗೆ ಎಸ್‌ಎಟಿ ನೋಡಲ್ಲ, ಅದರಂಥದೇ ಇನ್ನೊಂದು ಪರೀಕ್ಷೆ ಎಸಿಟಿಯನ್ನೂ ನೋಡಲ್ಲ. 1600 ಬಂದರೂ ನೋಡಲ್ಲ. 2020ರ ಮೇ ತಿಂಗಳಲ್ಲಿ ರೀಜೆಂಟ್ಸ್, ಅಂದರೆ ಯುಸಿಯ ಆಡಳಿತ ಮಂಡಳಿಯವರು, ವೋಟ್ ಹಾಕಿ ಪರೀಕ್ಷೆ ಕೈಬಿಡೋ ದಾರಿ ಹಿಡಿದರು. ಮುಂದಿನ ವರ್ಷ ಕೋರ್ಟಿನ ರಾಜಿಯೂ ಆಯಿತು. 2022ರಲ್ಲಿ ಇಲ್ಲಿನ ಇನ್ನೊಂದು ಸರ್ಕಾರಿ ಯೂನಿವರ್ಸಿಟಿ ಕ್ಯಾಲ್ ಸ್ಟೇಟ್‌ನವರೂ ಬಿಟ್ಟರು. ಸೇರಿದ ಮೇಲೆ ಯಾವ ಕೋರ್ಸಿಗೆ ಕೂರಿಸಬೇಕು ಅನ್ನೋದಕ್ಕೆ ಬಳಸಬಹುದು, ಅಷ್ಟೇ. ನಮ್ಮ ಬೀದಿಯಲ್ಲಿ ಇನ್ನೂ ಕೋಚಿಂಗ್‌ಗೆ ಸಾಲುಗಟ್ಟಿ ನಿಲ್ಲುತ್ತಾರೆ, ಅದು ಬೇರೆ ಮಾತು.

ಡೇಟಾ ಮಾವ

ಆ 1550 ಅನ್ನೋ ಮಾತಿನ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ. ಈ ಭಯ ಎಲ್ಲಿಂದ ಬಂತು ಅಂತ ಗೊತ್ತಾದರೆ ಅರ್ಧ ಗಾಬರಿ ಇಳಿಯುತ್ತದೆ.

2020ರಲ್ಲಿ ಕೋವಿಡ್ ಬಂದು ಪರೀಕ್ಷಾ ಕೇಂದ್ರಗಳು ಮುಚ್ಚಿದವು. ಹೆಚ್ಚುಕಡಿಮೆ ಎಲ್ಲಾ ದೊಡ್ಡ ಕಾಲೇಜುಗಳೂ ಟೆಸ್ಟ್ ಆಪ್ಷನಲ್ ಆದವು. ಬೇಕಾದರೆ ಕಳಿಸಿ, ಬೇಡವಾದರೆ ಬಿಡಿ. ಆಗ ಏನಾಯಿತು? ಜಾಸ್ತಿ ಬಂದವರು ಕಳಿಸಿದರು, ಕಡಿಮೆ ಬಂದವರು ಸುಮ್ನೆ ಇದ್ದರು. ಸಂತೆಯಲ್ಲಿ ದಪ್ಪ ಕುಂಬಳಕಾಯಿ ಮಾತ್ರ ತಕ್ಕಡಿಗೆ ಇಟ್ಟು ಈ ಊರಿನ ಕುಂಬಳದ ತೂಕ ಇಷ್ಟು ಅಂತ ಬೋರ್ಡ್ ಹಾಕಿದ ಹಾಗಾಯಿತು. ಕಾಲೇಜು ಪ್ರಕಟಿಸುವ ಅಂಕ ಮೇಲೆ ಹೋಯಿತು. ಅದನ್ನು ನೋಡಿ ಮುಂದಿನ ವರ್ಷದ ಮಕ್ಕಳು ಇನ್ನೂ ಹೆದರಿದರು. 1480 ಬಂದವನೂ ಬಚ್ಚಿಟ್ಟ. ಬೋರ್ಡಿನ ಅಂಕ ಮತ್ತೆ ಮೇಲೆ. ಹುಡುಗರು ಬುದ್ಧಿವಂತರಾಗಿದ್ದಕ್ಕಿಂತ ಹೆಚ್ಚಾಗಿ ಕಳಿಸುವವರ ಗುಂಪು ಬದಲಾಯಿತು.

ಇದನ್ನು ನೀವೇ ನೋಡಬಹುದು. ಬಹಳಷ್ಟು ಕಾಲೇಜುಗಳು ವರ್ಷಕ್ಕೊಮ್ಮೆ ಕಾಮನ್ ಡೇಟಾ ಸೆಟ್ ಅಂತ ಒಂದು ಕಡತ ಹಾಕುತ್ತವೆ. ಅದರಲ್ಲಿ ಸಿ9 ಅನ್ನೋ ಭಾಗಕ್ಕೆ ಹೋಗಿ. ಹೊಸದಾಗಿ ಸೇರಿದವರಲ್ಲಿ ಎಷ್ಟು ಪರ್ಸೆಂಟ್ ಮಂದಿ ಅಂಕ ಕೊಟ್ಟಿದ್ದಾರೆ, ಕೊಟ್ಟವರ 25ನೇ ಪರ್ಸೆಂಟೈಲ್ ಎಷ್ಟು, 75ನೇದು ಎಷ್ಟು, ಎಲ್ಲಾ ಇರುತ್ತದೆ. ಮೊದಲು ಎಷ್ಟು ಜನ ಕೊಟ್ಟಿದ್ದಾರೆ ನೋಡಿ, ಆಮೇಲೆ ಅಂಕ. ಅರ್ಧಕ್ಕಿಂತ ಕಡಿಮೆ ಜನ ಕೊಟ್ಟಿದ್ದರೆ ಆ ಅಂಕ ದಪ್ಪ ಕುಂಬಳಕಾಯಿಗಳದ್ದು ಅಂತ ತಿಳಿಯಿರಿ. ಹಾಗೇ, 25ನೇ ಪರ್ಸೆಂಟೈಲ್ ಅಂದರೆ ಅಂಕ ಕೊಟ್ಟು ಸೇರಿದವರಲ್ಲೂ ಕಾಲು ಭಾಗ ಅದಕ್ಕಿಂತ ಕೆಳಗಿದ್ದಾರೆ ಅಂತ ಅರ್ಥ. ಅದು ಬಾಗಿಲಲ್ಲ.

ಡಾರ್ಟ್‌ಮತ್ ಕಾಲೇಜಿನವರು ಈ ವಿಷಯವನ್ನೇ ತಮ್ಮ ಪ್ರೊಫೆಸರುಗಳ ಕೈಲಿ ಅಧ್ಯಯನ ಮಾಡಿಸಿದರು. ಕಷ್ಟದ ಹಿನ್ನೆಲೆಯಿಂದ ಬಂದ ಎಷ್ಟೋ ಮಕ್ಕಳು 1400ರ ಆಸುಪಾಸಿನ ಅಂಕ ಬಚ್ಚಿಟ್ಟಿದ್ದರು. ಕಳಿಸಿದ್ದರೆ ಅವರಿಗೇ ಅನುಕೂಲ ಆಗುತ್ತಿತ್ತು. ಯಾಕೆಂದರೆ ಅಂಕವನ್ನು ಒಂಟಿಯಾಗಿ ಓದಲ್ಲ, ಅದು ಬಂದ ಶಾಲೆಯ ಜೊತೆ ಇಟ್ಟು ಓದುತ್ತಾರೆ. ಬೇರೆಯವರೆಲ್ಲ 1000ದ ಸುತ್ತ ಇರುವ ಶಾಲೆಯಿಂದ 1400 ಬಂದರೆ ಅದು ದೊಡ್ಡ ಮಾತು. 2024ರ ಫೆಬ್ರವರಿಯಲ್ಲಿ ಡಾರ್ಟ್‌ಮತ್ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು.

ಎಡಿಸನ್ ಮಲ್ಲಿಗೆಯವರೇ, ನಿಮ್ಮ ಹುಡುಗನಿಗೆ ಈ ಲೆಕ್ಕ ಅಷ್ಟು ಅನ್ವಯಿಸಲ್ಲ, ಅದನ್ನೂ ಹೇಳಿಬಿಡಬೇಕು. ನಿಮ್ಮ ಕಡೆಯ ಹೈಸ್ಕೂಲುಗಳಲ್ಲಿ 1500 ದಾಟಿದವರು ಬಹಳ ಮಂದಿ. ಆದರೂ 1540 ಬಚ್ಚಿಡುವ ಅಂಕ ಅಲ್ಲವೇ ಅಲ್ಲ.

ಕಾಫಿ ಡಿಕಾಕ್ಷನ್

ಎಲ್ಲಾ ಒಂದು ದಂಧೆ ಕಣ್ರೀ. ಊರಲ್ಲಿ ಸಿಇಟಿ ಬರೆದ್ವಿ, ಅರ್ಧ ಪಿಯುಸಿ ಅಂಕ, ಅರ್ಧ ಸಿಇಟಿ, ರ‍್ಯಾಂಕ್ ಬಂತು, ಕೌನ್ಸೆಲಿಂಗ್‌ಗೆ ಹೋದ್ವಿ. ಯಾವುದನ್ನು ತೋರಿಸೋದು ಯಾವುದನ್ನು ಮುಚ್ಚೋದು ಅನ್ನೋ ಪ್ರಶ್ನೆಯೇ ಇರಲಿಲ್ಲ. ಇಲ್ಲಿ ದುಡ್ಡಿದ್ದವನು ಐದು ಸಲ ಬರೆದು ಸೂಪರ್‌ಸ್ಕೋರ್ ಮಾಡ್ಕೋತಾನೆ. ಇಲ್ಲದವನು ಒಂದೇ ಸಲ.

ಡೇಟಾ ಮಾವ

ನಿಮ್ಮ ಸಿಟ್ಟಿನಲ್ಲಿ ಅರ್ಧ ನ್ಯಾಯ ಇದೆ. ಆದರೆ ಬಡ ಕುಟುಂಬದ ಮಕ್ಕಳಿಗೆ ಪರೀಕ್ಷೆ ಶುಲ್ಕ ಮಾಫಿ ಇದೆ. ಅಂಕ ಕಳಿಸುವುದೂ ಅವರಿಗೆ ಪುಕ್ಕಟೆ. ಐದು ಸಲ ಬರೆಯುವುದರಲ್ಲಿ ಅರ್ಥವೂ ಇಲ್ಲ. ಮೂರನೇ ಸಲದ ಮೇಲೆ ಆ ಶನಿವಾರಗಳನ್ನು ಪ್ರಬಂಧ ತಿದ್ದೋಕೆ ಕೊಟ್ಟರೆ ಲಾಭ ಜಾಸ್ತಿ.

ಎಡಿಸನ್ ಮಲ್ಲಿಗೆ

ಮಾವ, ಕುಂಬಳಕಾಯಿ ಉದಾಹರಣೆ ಮಗನಿಗೆ ಓದಿ ಹೇಳಿದೆ. ಮೂರು ದಿನದ ಮೇಲೆ ಮೊದಲ ಸಲ ನಕ್ಕ.

ಹಾಗಾದರೆ ಜಾರ್ಜ್‌ಟೌನ್? ಅಲ್ಲಿ ಎಲ್ಲಾ ಅಂಕ ಕೇಳುತ್ತಾರೆ ಅಂತ ಯಾರೋ ಅಂದರು. ನಿಜವಾ?

ಅಟ್ಲಾಂಟಾ ರಾಗಿಮುದ್ದೆ

ನಿಜ. ಜಾರ್ಜ್‌ಟೌನ್ ಸ್ಕೋರ್ ಚಾಯ್ಸ್ ಒಪ್ಪಲ್ಲ. ಬರೆದಷ್ಟೂ ಕಳಿಸಬೇಕು. ಮಾರ್ಚ್, ಆಗಸ್ಟ್, ಅಕ್ಟೋಬರ್, ಮೂರೂ. ಎಸಿಟಿ ಬರೆದಿದ್ದರೆ ಅದೂ ಸೇರಿ.

ಬೋಸ್ಟನ್ ಬಿಸಿಬೇಳೆ

ಬಚ್ಚಿಟ್ಟರೆ ಅವರಿಗೆ ಹೇಗೆ ಗೊತ್ತಾಗುತ್ತೆ? ನಾವು ಆರಿಸಿದ ದಿನಗಳನ್ನು ಮಾತ್ರ ಕಾಲೇಜ್ ಬೋರ್ಡ್ ಕಳಿಸೋದು. ನಮ್ಮ ಪರಿಚಯದವರೊಬ್ಬರು ಒಂದೇ ಕಳಿಸಿದರು, ಏನೂ ಆಗಲಿಲ್ಲ. ಸುಮ್ನೆ ಹೆದರಿಸಬೇಡಿ.

ಡೇಟಾ ಮಾವ

ಬಿಸಿಬೇಳೆಯವರೇ, ಒಪ್ಪೋದು ಕಷ್ಟ. ಅರ್ಜಿಯ ಕೊನೆಯಲ್ಲಿ ಇದೆಲ್ಲ ನಿಜ, ಪೂರ್ತಿ ಅಂತ ಹುಡುಗ ಸಹಿ ಹಾಕುತ್ತಾನೆ. ಸಹಿ ಅವನದು, ನಿಮ್ಮದಲ್ಲ. ಕೆಲವು ಹೈಸ್ಕೂಲುಗಳು ಟ್ರಾನ್ಸ್‌ಕ್ರಿಪ್ಟ್‌ನಲ್ಲೇ (ಶಾಲೆ ಕಳಿಸುವ ಅಂಕಪಟ್ಟಿ) ಪರೀಕ್ಷೆಯ ಅಂಕ ಹಾಕುತ್ತವೆ. ಸೀಟು ಕೊಟ್ಟ ಮೇಲೂ ಸುಳ್ಳು ಗೊತ್ತಾದರೆ ವಾಪಸ್ ತೆಗೆದುಕೊಳ್ಳಬಹುದು. ಇಷ್ಟೆಲ್ಲಾ ಯಾತಕ್ಕೆ? 670ಕ್ಕೆ! ಅದು ಸೋಲಲ್ಲ. ಮಾರ್ಚ್‌ನಲ್ಲಿ 710, ಅಕ್ಟೋಬರ್‌ನಲ್ಲಿ 740, ನಡುವೆ ಒಂದು ಕೆಟ್ಟ ಬೆಳಿಗ್ಗೆ. ಇಂಥ ಸಾವಿರಾರು ಕಾಗದ ಓದುವವರಿಗೆ ಕೆಟ್ಟ ಬೆಳಿಗ್ಗೆ ಅಂದರೆ ಏನು ಅಂತ ಗೊತ್ತಿರುತ್ತದೆ.

ಬೋಸ್ಟನ್ ಬಿಸಿಬೇಳೆ

ಸರಿ ಮಾವ, ಸಹಿ ಮಾತು ಒಪ್ಪಿದೆ. ನನ್ನ ಮಗನಿಗೆ ಹಾಗೆ ಮಾಡು ಅಂತ ನಾನೂ ಹೇಳಲಾರೆ.

ಅವನದೇ ಒಂದು ಪ್ರಶ್ನೆ. ಎಸಿಟಿ 34 ಇದೆ, ಎಸ್‌ಎಟಿ 1490 ಇದೆ. ಎರಡೂ ಕಳಿಸಬೇಕಾ?

ಅಟ್ಲಾಂಟಾ ರಾಗಿಮುದ್ದೆ

ಎಸಿಟಿ 34 ಅಂದರೆ ಎಸ್‌ಎಟಿಯಲ್ಲಿ 1490ರಿಂದ 1520ರ ಸಮ. 2018ರಲ್ಲಿ ಎರಡೂ ಸಂಸ್ಥೆಯವರು ಸೇರಿ ಮಾಡಿದ ಹೋಲಿಕೆ ಪಟ್ಟಿ ಅದು. ಆ ಪಟ್ಟಿಯ ಪ್ರಕಾರ ಎರಡೂ ಒಂದೇ ತೂಕ. ಒಂದು ಕಳಿಸಿದರೆ ಸಾಕು, 34 ಕಳಿಸಿ ಅಂತ ನಾನಂತೂ ಹೇಳುತ್ತೇನೆ. ಒಂದು ಪರೀಕ್ಷೆಯ ಗಣಿತ, ಇನ್ನೊಂದರ ಇಂಗ್ಲಿಷ್ ಅಂತ ಬೆರೆಸೋಕೆ ಆಗಲ್ಲ. ಅಂದಹಾಗೆ ಎಸಿಟಿ 2025ರಲ್ಲಿ ಬದಲಾಯಿತು. ಸೈನ್ಸ್ ಈಗ ಬೇಕಾದರೆ ಮಾತ್ರ. ಎಂಜಿನಿಯರಿಂಗ್‌ಗೆ ಹಾಕುತ್ತಿದ್ದರೆ ಆ ಕಾಲೇಜು ಸೈನ್ಸ್ ಕೇಳುತ್ತದೆಯಾ ನೋಡಿಕೊಳ್ಳಿ.

ಗಿರಿನಗರ ಸೆಕೆಂಡ್ ಪಿಯು

ನನ್ನ ಕಥೆ ಹೇಳ್ಲಾ? ಬೆಂಗಳೂರು, ಸ್ಟೇಟ್ ಬೋರ್ಡ್, ಪಿಸಿಎಂಸಿ. ಎಸ್‌ಎಟಿ ಒಂದೇ ಸಲ ಬರೆದೆ. ಗಣಿತ 790, ಇಂಗ್ಲಿಷ್ 630. 1420. ಹತ್ತನೇ ತನಕ ಕನ್ನಡ ಮೀಡಿಯಂ. ಟೆಸ್ಟ್ ಆಪ್ಷನಲ್ ಕಾಲೇಜುಗಳಿಗೆ ಕಳಿಸಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಇಲ್ಲಿನ ಗ್ರೂಪುಗಳಲ್ಲಿ ಎಲ್ಲರೂ 1500 ಇಲ್ಲ ಅಂದ್ರೆ ಮರೆತುಬಿಡು ಅಂತಾರೆ.

ಡೇಟಾ ಮಾವ

ಹತ್ತನೇ ತನಕ ಕನ್ನಡ ಮೀಡಿಯಂ ಅನ್ನೋದು ನಿನ್ನ ಅರ್ಜಿಯಲ್ಲಿ ಎಲ್ಲಾದರೂ ಇದೆಯಾ? ಮೊದಲು ಅದನ್ನು ಹೇಳು.

ಗಿರಿನಗರ ಸೆಕೆಂಡ್ ಪಿಯು

ಇಲ್ಲ ಸರ್. ಹೇಳಿದರೆ ಮೈನಸ್ ಆಗುತ್ತೆ ಅಂದುಕೊಂಡೆ.

ಡೇಟಾ ಮಾವ

ಅಯ್ಯೋ ಹುಡುಗ. ಅದನ್ನು ಮುಚ್ಚಿಟ್ಟರೆ 630 ಬರೀ 630. ಅದನ್ನು ಹೇಳಿದರೆ, ಎರಡೇ ವರ್ಷದ ಹಿಂದೆ ಸಮಾಜ, ವಿಜ್ಞಾನ ಎಲ್ಲಾ ಕನ್ನಡದಲ್ಲಿ ಬರೆದವನು ಪಡೆದ 630. ಕಾಗದ ಅದೇ, ಓದುವ ಬಗೆ ಬೇರೆ. ನಿಮ್ಮ ಕಾಲೇಜಿನ ಲೆಕ್ಚರರ್ ಶಿಫಾರಸು ಪತ್ರ ಬರೆಯುತ್ತಾರಲ್ಲ, ಅದರಲ್ಲಿ ಒಂದು ಸಾಲು ಸೇರಿಸೋಕೆ ಹೇಳು. ಅರ್ಜಿಯಲ್ಲಿ ಹೆಚ್ಚಿನ ವಿವರಕ್ಕೆ ಅಂತ ಒಂದು ಜಾಗ ಇರುತ್ತದೆ, ಅಲ್ಲೂ ಎರಡು ಸಾಲು ಬರಿ. ಅಳುಮೋರೆ ಬೇಡ, ಇದ್ದದ್ದು ಇದ್ದ ಹಾಗೆ.

ಕಳಿಸಬೇಕಾ ಅಂದರೆ, ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್‌ಗೆ ಹಾಕುತ್ತಿದ್ದರೆ ನನ್ನ ಮತ ಕಳಿಸು ಅಂತ. ನಮ್ಮ ಪಿಯುಸಿಯ 95 ಪರ್ಸೆಂಟ್ ಅಂದರೆ ಎಷ್ಟು ಅಂತ ಅಲ್ಲಿ ಕೂತವರೆಲ್ಲರಿಗೂ ಗೊತ್ತಿರಬೇಕಾಗಿಲ್ಲ. 790 ಅಂದರೆ ಎಲ್ಲರಿಗೂ ಗೊತ್ತು. ಎಂಐಟಿಯಂಥ ಕಡೆಯೇ ಸೇರಿದವರ ನಡುವಿನ ಅರ್ಧ ಜನ ಗಣಿತದಲ್ಲಿ 780ರಿಂದ 800ರ ಒಳಗಿರುತ್ತಾರೆ. ಗಣಿತದಲ್ಲಿ ನೀನು ಯಾರ ಪಕ್ಕದಲ್ಲಾದರೂ ಕೂರಬಹುದು. ಸಾಹಿತ್ಯ, ಇತಿಹಾಸಕ್ಕೆ ಹಾಕುವುದಾದರೆ ಯೋಚನೆ ಮಾಡುತ್ತಿದ್ದೆ. ಇಂಗ್ಲಿಷ್‌ಗೆ ಟೋಫೆಲ್ ಅಥವಾ ಡುಯೊಲಿಂಗೊ ಹೇಗೂ ಬರೆಯುತ್ತೀಯಲ್ಲ, ಅದು ಚೆನ್ನಾಗಿ ಬಂದರೆ 630ಕ್ಕೆ ಊರುಗೋಲು.

ದಿನ ಇದ್ದರೆ ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಬರಿ. ಇಂಗ್ಲಿಷ್ ಒಂದಕ್ಕೇ ಓದು. ಸೂಪರ್‌ಸ್ಕೋರ್ ಮಾಡುವ ಕಡೆ 790 ನಿನ್ನ ಜೇಬಲ್ಲೇ ಇರುತ್ತದೆ.

ಕಾಫಿ ಡಿಕಾಕ್ಷನ್

ಹುಡುಗ, ನಾನೂ ಕನ್ನಡ ಮೀಡಿಯಂ. ಹಾಸನ ಜಿಲ್ಲೆ. ಮಾವನ ಮಾತು ಕೇಳು. ದಂಧೆ ಅಂದಿದ್ದು ವಾಪಸ್ ತಗೊಳ್ಳಲ್ಲ, ಆದರೂ ಕೇಳು.

ಕೂಪರ್ಟಿನೋ ಚಕ್ಕುಲಿ

ಆಪ್ಷನಲ್ ಅನ್ನೋ ಪದ ನೋಡಿ ಮೋಸ ಹೋಗಬೇಡಿ, ಇದು ಎಲ್ಲರಿಗೂ. ಪಟ್ಟಿ ವರ್ಷ ವರ್ಷ ಬದಲಾಗುತ್ತಿದೆ. ಎಂಐಟಿ 2022ರಲ್ಲೇ ಪರೀಕ್ಷೆ ವಾಪಸ್ ತಂದಿತು. 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್, ಕ್ಯಾಲ್ಟೆಕ್ ಸಾಲಾಗಿ ತಂದವು. ಸ್ಟ್ಯಾನ್‌ಫರ್ಡ್, ಕಾರ್ನೆಲ್, ಪೆನ್ ಈಗ ಹಾಕುವ ಮಕ್ಕಳಿಂದ ಕೇಳುತ್ತಿವೆ. ಕೊಲಂಬಿಯಾ ಆಪ್ಷನಲ್. ಯೇಲ್‌ದು ಸ್ವಲ್ಪ ಬೇರೆ. ಎಸ್‌ಎಟಿ, ಎಸಿಟಿ, ಇಲ್ಲಾ ಹೈಸ್ಕೂಲಿನಲ್ಲಿ ಒಂದೊಂದು ವಿಷಯಕ್ಕೆ ಬರೆಯುವ ಎಪಿ, ಐಬಿ ಪರೀಕ್ಷೆ, ಯಾವುದಾದರೂ ಒಂದು ಕೊಡಿ ಅಂತಾರೆ. ಆದರೆ ಎಪಿ ದಾರಿ ಹಿಡಿದರೆ ಆವರೆಗೆ ಬರೆದ ಎಪಿ ಎಲ್ಲದರ ಅಂಕ ಕೊಡಬೇಕು. 5 ಬಂದದ್ದು ತೋರಿಸಿ 2 ಬಂದದ್ದು ಬಿಡೋಕೆ ಆಗಲ್ಲ. ಅಕ್ಕನ ಮಗನಿಗೆ 1540 ಇರುವಾಗ ಆ ದಾರಿ ಬೇಕಿಲ್ಲ. ಹೋದ ವರ್ಷ ಅಣ್ಣನ ಮಗ ಹೀಗೆ ಮಾಡಿದ ಅಂತ ಕೇಳಿ ಮಾಡಬೇಡಿ, ಆಯಾ ಕಾಲೇಜಿನ ಪುಟವನ್ನೇ ಓದಿ.

ಎಡಿಸನ್ ಮಲ್ಲಿಗೆ

ಈಗ ದುಡ್ಡಿನ ಪ್ರಶ್ನೆ. ರಿಜಿಸ್ಟರ್ ಮಾಡುವಾಗ ನಾಲ್ಕು ಕಾಲೇಜಿಗೆ ಪುಕ್ಕಟೆ ಕಳಿಸುತ್ತೇವೆ ಅಂತ ಇತ್ತು. ನಾವು ಆಗ ಒಂದನ್ನೂ ಹಾಕಲಿಲ್ಲ. ತಪ್ಪಾಯಿತಾ?

ಅಟ್ಲಾಂಟಾ ರಾಗಿಮುದ್ದೆ

ಇಲ್ಲ ಅಕ್ಕ, ಒಳ್ಳೆಯದೇ ಮಾಡಿದಿರಿ. ಆ ನಾಲ್ಕನ್ನು ಪರೀಕ್ಷೆ ಮುಗಿದು ಒಂಬತ್ತು ದಿನದೊಳಗೆ ಹೇಳಬೇಕು. ಅಂಕ ಬರುವುದು ಅದಾದ ಮೇಲೆ. ಅಂದರೆ ಎಷ್ಟು ಬಂದಿದೆ ಅಂತ ನೋಡದೆ ಕಳಿಸಿದ ಹಾಗೆ. ಜಾರ್ಜ್‌ಟೌನ್ ಥರ ಎಲ್ಲಾ ಕೇಳುವ ಕಡೆಗೆ ಆದರೆ ಪುಕ್ಕಟೆ ಬಳಸಿಕೊಳ್ಳಬಹುದು, ಹೇಗೂ ಕಳಿಸಲೇಬೇಕಲ್ಲ.

ಈಗಲೂ ಆರಕ್ಕೂ ದುಡ್ಡು ಸುರಿಯಬೇಕಾಗಿಲ್ಲ. ಯೇಲ್, ಕೊಲಂಬಿಯಾ, ಜಾರ್ಜಿಯಾ ಟೆಕ್‌ಗೆ ಅರ್ಜಿಯಲ್ಲಿ ನೀವೇ ಅಂಕ ತುಂಬಿದರೆ ಸಾಕು. ಸೇರುವಾಗ ಮಾತ್ರ ಅಧಿಕೃತ ರಿಪೋರ್ಟ್. ಬರ್ಕ್ಲಿಗೆ ಏನೂ ಇಲ್ಲ. ಒಂದು ರಿಪೋರ್ಟಿನಲ್ಲಿ ಎಷ್ಟು ದಿನದ ಅಂಕ ಸೇರಿಸಿದರೂ ಶುಲ್ಕ ಒಂದೇ. ಹಾಗಾಗಿ ಜಾರ್ಜ್‌ಟೌನ್‌ಗೆ ಮೂರೂ ದಿನದ್ದು ಒಂದೇ ಸಲ ಹಾಕಿ. ನವೆಂಬರ್ ಮೊದಲ ವಾರಕ್ಕೆ ಕಾಯಬೇಡಿ, ಇವತ್ತೇ ಹಾಕಿ.

ಕಾಮನ್ ಆಪ್‌ನಲ್ಲಿ (ಬಹಳ ಕಾಲೇಜುಗಳಿಗೆ ಒಂದೇ ಕಡೆ ತುಂಬುವ ಅರ್ಜಿ) ಒಂದು ಸಾಲು ಇರುತ್ತದೆ, ನೀವು ತಿಳಿಸಲು ಬಯಸುವ ಎಸ್‌ಎಟಿ ಅಂಕಗಳು ಎಷ್ಟು ಅಂತ. ತಿಳಿಸಲು ಬಯಸುವ ಅಂತ ಇದೆ, ಗಮನಿಸಿ. ಆಮೇಲೆ ಪ್ರತಿ ವಿಭಾಗದ ಅತಿ ಹೆಚ್ಚಿನ ಅಂಕ, ಅದರ ದಿನಾಂಕ ಕೇಳುತ್ತದೆ. ಗಣಿತ 800, ಆಗಸ್ಟ್. ಇಂಗ್ಲಿಷ್ 740, ಅಕ್ಟೋಬರ್. 670 ಅಲ್ಲಿ ಕಾಣುವುದೇ ಇಲ್ಲ. ಮಗನಿಗೆ ಇದನ್ನು ತೋರಿಸಿ.

ಎಡಿಸನ್ ಮಲ್ಲಿಗೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ.

ಜಾರ್ಜ್‌ಟೌನ್‌ಗೆ ಮೂರೂ ಕಳಿಸಿಯಾಯಿತು. ಗುಂಡಿ ಒತ್ತಿದ್ದು ಮಗನೇ. ನಾನು ಪಕ್ಕದಲ್ಲಿ ಕೂತಿದ್ದೆ, ಏನೂ ಮಾತಾಡಲಿಲ್ಲ. ಜಾರ್ಜಿಯಾ ಟೆಕ್, ಯೇಲ್ ಅರ್ಜಿಗಳಲ್ಲಿ 740, 800 ತುಂಬಿದ್ದಾನೆ. ರಟ್ಗರ್ಸ್ ಆಪ್ಷನಲ್, ಅಲ್ಲೂ ಹಾಕಿದ. ಕೊಲಂಬಿಯಾ ವಿಷಯದಲ್ಲಿ ಮಾತ್ರ ಅಪ್ಪ ಮಗನಿಗೆ ಇನ್ನೂ ಜಟಾಪಟಿ. ಕಳಿಸೋಣ ಅಂತ ಈಗ ಮಗ, ಬೇಡ ಅಂತ ಇವರು. ಪಾತ್ರ ಅದಲುಬದಲಾಗಿದೆ! ಅದಕ್ಕೆ ಜನವರಿ ತನಕ ದಿನ ಇದೆ, ಬಿಟ್ಟಿದ್ದೇನೆ.

ಗಿರಿನಗರ ಸೆಕೆಂಡ್ ಪಿಯು

ಡಿಸೆಂಬರ್‌ಗೆ ರಿಜಿಸ್ಟರ್ ಮಾಡೋಕೆ ಹೊರಟೆ, ಹೊಸ ತಲೆನೋವು. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್ ಇದೆ. ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಊರ ಹೆಸರು, ಅಪ್ಪನ ಹೆಸರು ಅಂತ ಬಂದಿದೆ. ಮೊದಲ ಸಲ ಎಸ್‌ಎಟಿಗೆ ಇನಿಷಿಯಲ್ ಹಾಕಿದ್ದೆ. ಈಗ ಯಾವುದು ಹಾಕಲಿ?

ಕಾಫಿ ಡಿಕಾಕ್ಷನ್

ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ. ವೀಸಾ ತನಕ ಅದೇ ಬೇಕು. ಅರ್ಜಿ, ಟೋಫೆಲ್ ಎಲ್ಲಾ ಕಡೆ ಅದನ್ನೇ ಹಾಕು. ಹಳೇ ಎಸ್‌ಎಟಿ ಖಾತೆ ಇದೆಯಲ್ಲ, ಹೊಸದು ತೆರೆಯಬೇಡ. ಎರಡು ಖಾತೆ ಆದರೆ ಒಂದರಲ್ಲಿ 790, ಇನ್ನೊಂದರಲ್ಲಿ ಹೊಸ ಅಂಕ, ಕೂಡಿಸೋಕೆ ನೀನೇ ಓಡಾಡಬೇಕಾಗುತ್ತೆ. ಕಾಲೇಜ್ ಬೋರ್ಡ್‌ಗೆ ಫೋನ್ ಮಾಡಿ ಹಳೇ ಖಾತೆಯಲ್ಲೇ ಹೆಸರು ತಿದ್ದಿಸು. ನನ್ನ ಹೆಸರಲ್ಲೂ ಎರಡು ಇನಿಷಿಯಲ್. ಇಪ್ಪತ್ತು ವರ್ಷದಿಂದ ಈ ದೇಶದಲ್ಲಿ ನನ್ನನ್ನು ನನ್ನ ಊರಿನ ಹೆಸರಿಂದ ಕರೆಯುತ್ತಿದ್ದಾರೆ.

ಗಿರಿನಗರ ಸೆಕೆಂಡ್ ಪಿಯು

ಹಹ್ಹಾ. ಸರಿ ಅಣ್ಣ. ಇವತ್ತು ರಾತ್ರಿ ಫೋನ್ ಮಾಡುತ್ತೇನೆ, ಅಲ್ಲಿ ಆಗ ಬೆಳಿಗ್ಗೆ ಅಲ್ವಾ?